ಪುಸ್ತಕದ ಹೊದಿಕೆಯಲ್ಲಿ ಉಳಿದ ಹದಿಮೂರು ಧಾಟಿಗಳು

ಮೇಜು, ಚಾವಿ, ಪಾದ್ರಿ ಎಂಬ ಮಾತುಗಳನ್ನು ನಾವು ಕನ್ನಡದವೇ ಎಂಬಷ್ಟು ಸಲೀಸಾಗಿ ಆಡುತ್ತೇವೆ. ಇವು ಪಶ್ಚಿಮ ಕರಾವಳಿಗೆ ಹಡಗಿನಲ್ಲಿ ಬಂದ ಪೋರ್ಚುಗೀಸರಿಂದ ನಮಗೆ ದಕ್ಕಿದವು. ಆ ಹಡಗುಗಳು ಹೊರಡುವುದಕ್ಕೂ ಸುಮಾರು ಮುನ್ನೂರು ವರ್ಷ ಮೊದಲು, ಅದೇ ಭಾಷೆಯ ಹಳೆಯ ರೂಪದಲ್ಲಿ ಹಾಡು ಕಟ್ಟುವವರ ದೊಡ್ಡ ಪರಂಪರೆಯೊಂದಿತ್ತು. ಆ ಹಾಡುಗಳನ್ನೂ, ಅವುಗಳ ಧಾಟಿ ನಮ್ಮ ಕಾಲದವರೆಗೆ ಹೇಗೆ ಬಂತು ಎಂಬುದನ್ನೂ ಈ ಪಾಠದಲ್ಲಿ ನೋಡೋಣ.

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲಿಸಿಯಾ ಎಂಬ ಪ್ರಾಂತವಿದೆ. ಅದರ ಕೆಳಗೆ ಪೋರ್ಚುಗಲ್. ಇಂದು ಗಲಿಸಿಯನ್ ಮತ್ತು ಪೋರ್ಚುಗೀಸ್ ಬೇರೆ ಬೇರೆ ಭಾಷೆಗಳು. 13ನೆಯ ಶತಮಾನದಲ್ಲಿ ಅವೆರಡೂ ಒಂದೇ ಆಗಿದ್ದವು. ಅದನ್ನು ವಿದ್ವಾಂಸರು ಗಲಿಸಿಯನ್-ಪೋರ್ಚುಗೀಸ್ ಎಂದು ಕರೆಯುತ್ತಾರೆ. 12ನೆಯ ಶತಮಾನದ ಕೊನೆಯಿಂದ 14ನೆಯ ಶತಮಾನದ ನಡುವಿನವರೆಗೆ ಈ ಭಾಷೆಯಲ್ಲಿ ರಚಿತವಾದ ಲೌಕಿಕ ಹಾಡುಗಳಲ್ಲಿ ಸುಮಾರು 1,680 ಉಳಿದಿವೆ. ಇವುಗಳಿಗೆ ಕಾಂತಿಗ ಎಂದು ಹೆಸರು. ಕಟ್ಟಿದವರಲ್ಲಿ ರಾಜರೂ ಇದ್ದರು, ಊರೂರು ತಿರುಗಿ ಹಾಡಿ ಹೊಟ್ಟೆ ಹೊರೆಯುವ ಗಾಯಕರೂ ಇದ್ದರು.

ಕಾಂತಿಗಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದರಲ್ಲಿ ಗಂಡಸು ತನ್ನ ಒಲವಿನ ನೋವನ್ನು ಹೇಳಿಕೊಳ್ಳುತ್ತಾನೆ. ಇನ್ನೊಂದು ಬೈಗುಳ, ಅಣಕ, ಲೇವಡಿಯ ಹಾಡು. ಮೂರನೆಯದು ನಮಗೆ ಬಹಳ ಹಿಡಿಸಿದ್ದು. ಅದರಲ್ಲಿ ಮಾತನಾಡುವವಳು ಹುಡುಗಿ. ತಾಯಿಯೊಡನೆ, ಗೆಳತಿಯರೊಡನೆ, ಕೆಲವೊಮ್ಮೆ ಸಮುದ್ರದ ಅಲೆಯೊಡನೆಯೇ ತನ್ನ ಗೆಳೆಯನ ಸುದ್ದಿ ಕೇಳುತ್ತಾಳೆ. ಆದರೆ ಹೆಸರು ತಿಳಿದಿರುವ ಕವಿಗಳೆಲ್ಲ ಗಂಡಸರೇ ಎಂಬುದನ್ನು ಮರೆಯುವಂತಿಲ್ಲ.

ಈ ಹುಡುಗಿಯ ಹಾಡುಗಳಲ್ಲಿ ಹಲವಕ್ಕೆ ವಿಶಿಷ್ಟವಾದ ಕಟ್ಟಡವಿದೆ. ವಿವರಿಸುವುದಕ್ಕಿಂತ ಮಾಡಿ ತೋರಿಸುವುದೇ ಸುಲಭ. ಆದ್ದರಿಂದ ಪಾಠಕ್ಕಾಗಿ ನಾವೇ ಒಂದು ಮಾದರಿ ಕಟ್ಟಿದ್ದೇವೆ:

ಅಣ್ಣ ಹೋದನು ಸಂತೆಯ ದಾರಿ,
ಬಿಸಿಲಲಿ ನಿಂತೆನು ನೋಡುತ ದಾರಿ.
ಯಾವಾಗ ಬರುವ?

ಅಣ್ಣ ಹೋದನು ಸಂತೆಯ ಹಾದಿ,
ಬಿಸಿಲಲಿ ನಿಂತೆನು ನೋಡುತ ಹಾದಿ.
ಯಾವಾಗ ಬರುವ?

ಬಿಸಿಲಲಿ ನಿಂತೆನು ನೋಡುತ ದಾರಿ,
ಧೂಳು ಎದ್ದಿತು ತುಂಬುತ ದಾರಿ.
ಯಾವಾಗ ಬರುವ?

ಬಿಸಿಲಲಿ ನಿಂತೆನು ನೋಡುತ ಹಾದಿ,
ಧೂಳು ಎದ್ದಿತು ತುಂಬುತ ಹಾದಿ.
ಯಾವಾಗ ಬರುವ?

ಎರಡನೆಯ ನುಡಿ ಮೊದಲನೆಯದನ್ನೇ ಹೇಳುತ್ತದೆ, ಕೊನೆಯ ಪದ ಮಾತ್ರ ಬದಲಾಗುತ್ತದೆ. ಮೂರನೆಯ ನುಡಿ ಮೊದಲನೆಯದರ ಎರಡನೇ ಸಾಲನ್ನು ಎತ್ತಿಕೊಂಡು ಒಂದೇ ಒಂದು ಹೊಸ ಸಾಲು ಸೇರಿಸುತ್ತದೆ. ನಾಲ್ಕು ನುಡಿಯಲ್ಲಿ ಕತೆ ಸಾಗುವುದು ಮೂರೇ ಹೆಜ್ಜೆ. ಓದಿದರೆ ಬೇಸರ ಬರಬಹುದು. ಹಾಡಿದರೆ, ಅದರಲ್ಲೂ ಎರಡು ಗುಂಪಾಗಿ ಹಾಡಿದರೆ, ಬೇರೆಯೇ ಆಗುತ್ತದೆ: ಕಾಯುವವರ ಮನಸ್ಸು ಒಂದೇ ಮಾತಿನ ಸುತ್ತ ತಿರುಗುವ ಹಾಗೆ. ಇಂಥ ಹಾಡಿಗೆ ಧಾಟಿ ಎಂಬುದು ಮೇಲಿನ ಅಲಂಕಾರವಲ್ಲ, ಅದೇ ಅರ್ಧ ಜೀವ.

ಆ ಅರ್ಧ ಜೀವ ಎಲ್ಲಿದೆ? ಲೌಕಿಕ ಹಾಡುಗಳ ಮೂರು ದೊಡ್ಡ ಸಂಕಲನಗಳು ಉಳಿದಿವೆ. ಎರಡನ್ನು 16ನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯಲ್ಲಿ ಆಂಜೆಲೊ ಕೊಲೋಚ್ಚಿ ಎಂಬ ವಿದ್ವಾಂಸ ನಕಲು ಮಾಡಿಸಿದ. ಅವುಗಳಲ್ಲಿ ಒಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ, ಮತ್ತೊಂದು ಲಿಸ್ಬನ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಎರಡರಲ್ಲೂ ಬರೀ ಸಾಹಿತ್ಯ. ಮೂರನೆಯದು ಲಿಸ್ಬನ್ನಿನ ಅಜೂಡಾ ಅರಮನೆಯ ಗ್ರಂಥಾಲಯದಲ್ಲಿದೆ. ಮೂರರಲ್ಲಿ ಇದೇ ಹಳೆಯದು, ಹಾಡಿನ ಕಾಲಕ್ಕೆ ಹತ್ತಿರದ್ದು. 310 ಹಾಡುಗಳ ಈ ಹಸ್ತಪ್ರತಿಯ ಪುಟಗಳಲ್ಲಿ ಹಾಡುಗಾರರ, ವಾದ್ಯಗಾರರ ಚಿತ್ರಗಳಿವೆ. ಹಾಡಿನ ಮೊದಲ ನುಡಿಯ ಸಾಲುಗಳ ನಡುವೆ ಸ್ವರ ಬರೆಯಲೆಂದು ಜಾಗ ಬಿಟ್ಟಿದ್ದಾರೆ. ಆ ಜಾಗ ಇಂದಿಗೂ ಖಾಲಿ. ಚಿತ್ರಗಳಿಗೆ ಬಣ್ಣ ತುಂಬುವ ಕೆಲಸವೂ ಅರ್ಧಕ್ಕೇ ನಿಂತಿದೆ.

ಹಾಗಾದರೆ ಧಾಟಿಗಳು ಸಿಕ್ಕಿದ್ದೆಲ್ಲಿ? ಗ್ರಂಥದಲ್ಲಲ್ಲ, ಗ್ರಂಥದ ಹೊದಿಕೆಯಲ್ಲಿ. ಆ ಕಾಲದ ಪುಸ್ತಕಗಳನ್ನು ಬರೆಯುತ್ತಿದ್ದುದು ಪ್ರಾಣಿಯ ಚರ್ಮವನ್ನು ಹದಮಾಡಿದ ಹಾಳೆಯ ಮೇಲೆ. ಓದುವವರಿಲ್ಲದ ಹಳೆಯ ಹಾಳೆಯನ್ನು ಬೈಂಡು ಹಾಕುವವರು ಎಸೆಯುತ್ತಿರಲಿಲ್ಲ. ಗಟ್ಟಿ ಚರ್ಮವಲ್ಲವೇ, ಬೇರೆ ಪುಸ್ತಕಕ್ಕೆ ಹೊದಿಸುತ್ತಿದ್ದರು.

ಮ್ಯಾಡ್ರಿಡ್‌ನ ಹಳೆಯ ಪುಸ್ತಕಗಳ ವ್ಯಾಪಾರಿ ಪೆಡ್ರೊ ವಿಂಡೆಲ್ 1914ರ ಸುಮಾರಿಗೆ ಇಂಥದೊಂದು ಹಾಳೆಯನ್ನು ಕಂಡ. ರೋಮಿನ ಸಿಸೆರೊ ಬರೆದ ಕೃತಿಯೊಂದರ ಹಸ್ತಪ್ರತಿಯ ಹೊದಿಕೆಗೆ ಅದನ್ನು ಬಳಸಿದ್ದರು. ಅದರಲ್ಲಿ ಮಾರ್ಟಿನ್ ಕೊಡಾಶ್ ಎಂಬ ಕವಿಯ ಏಳು ಹಾಡುಗಳಿದ್ದವು, ಆರಕ್ಕೆ ಸ್ವರವೂ ಇತ್ತು! ಗಲಿಸಿಯಾದ ವಿಗೊ ಎಂಬ ಬಂದರಿನ ಕಡಲತೀರದಲ್ಲಿ ನಿಂತ ಹುಡುಗಿಯ ಹಾಡುಗಳವು. ಈ ಕವಿಯ ಬಾಳಿನ ಬಗ್ಗೆ ಒಂದು ದಾಖಲೆಯೂ ಇಲ್ಲ. ಇಟಲಿಯ ಎರಡು ನಕಲುಗಳಲ್ಲೂ ಅವನವು ಇವೇ ಏಳು ಹಾಡುಗಳು, ಇದೇ ಕ್ರಮದಲ್ಲಿ. ಈ ಹಾಳೆ 1977ರಿಂದ ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯದಲ್ಲಿದೆ. 2017ರಲ್ಲಿ ಅದನ್ನು ಪ್ರದರ್ಶನಕ್ಕಾಗಿ ವಿಗೊ ನಗರಕ್ಕೇ ಕೊಂಡೊಯ್ದಿದ್ದರು.

ಎರಡನೆಯ ಹಾಳೆಗಾಗಿ ಜಗತ್ತು 1990ರವರೆಗೆ ಕಾಯಬೇಕಾಯಿತು. ಅಮೆರಿಕದ ವಿದ್ವಾಂಸ ಹಾರ್ವಿ ಶಾರರ್ ಲಿಸ್ಬನ್ನಿನ ತೋರೆ ದೊ ತೋಂಬು ಪತ್ರಾಗಾರದಲ್ಲಿ ಹುಡುಕುತ್ತಿದ್ದಾಗ, ನೋಟರಿ ದಾಖಲೆಗಳ ಪುಸ್ತಕವೊಂದರ ಹೊದಿಕೆಯಾಗಿ ಅದು ಸಿಕ್ಕಿತು. ಹರಿದು ಹಾಳಾಗಿದ್ದ ಆ ತುಣುಕಿನಲ್ಲಿ ಪೋರ್ಚುಗಲ್‌ನ ದೊರೆ ದಿನಿಸ್ ರಚಿಸಿದ ಏಳು ಪ್ರೇಮಗೀತೆಗಳು, ಸ್ವರಸಹಿತವಾಗಿ ಇದ್ದವು. ದಿನಿಸ್ 1279ರಿಂದ 1325ರವರೆಗೆ ಆಳಿದವನು. 1290ರಲ್ಲಿ ಆ ದೇಶದ ಮೊದಲ ವಿಶ್ವವಿದ್ಯಾಲಯ ಸ್ಥಾಪಿಸಿದವನೂ ಅವನೇ. ಅವನ 137 ಹಾಡುಗಳು ಉಳಿದಿವೆ. ಧಾಟಿ ಉಳಿದದ್ದು ಈ ಏಳಕ್ಕೆ, ಅದೂ ಅಲ್ಲಲ್ಲಿ ಹರಿದು.

ಆರು ಮತ್ತು ಏಳು, ಒಟ್ಟು ಹದಿಮೂರು. 1,680ರಲ್ಲಿ ಹದಿಮೂರು ಎಂದರೆ ನೂರಕ್ಕೆ ಒಂದೂ ಇಲ್ಲ.

ದೇವರ ಹಾಡುಗಳ ಭಾಗ್ಯ ಬೇರೆ. ದಿನಿಸ್ ದೊರೆಯ ತಾತ, ಕ್ಯಾಸ್ಟೈಲ್ ರಾಜ್ಯವನ್ನು ಆಳಿದ ಹತ್ತನೆಯ ಅಲ್ಫಾನ್ಸೊ, ಮೇರಿ ಮಾತೆಯ ಮಹಿಮೆಯನ್ನು ಕೊಂಡಾಡುವ ನಾನೂರಕ್ಕೂ ಹೆಚ್ಚು ಹಾಡುಗಳನ್ನು ಕೂಡಿಸಿದ. ಇವುಗಳ ನಾಲ್ಕು ಹಸ್ತಪ್ರತಿಗಳಿವೆ. ಮೂರರಲ್ಲಿ ಸ್ವರವಿದೆ, ನಾಲ್ಕನೆಯದರಲ್ಲಿ ಗೆರೆಗಳಷ್ಟೇ ಇವೆ. ಅರಮನೆಯಲ್ಲಿ, ಅರಸನ ಕಣ್ಣೆದುರು ಸಿದ್ಧವಾದ ಗ್ರಂಥಗಳನ್ನು ಯಾರೂ ಹೊದಿಕೆಗೆ ಹರಿಯಲಿಲ್ಲ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ಆಡುವ ನಮ್ಮ ಮಕ್ಕಳು ಇಲ್ಲೊಂದು ಸಂಗತಿ ಗಮನಿಸಬೇಕು: ಈ ದೊರೆಯ ಆಸ್ಥಾನದಲ್ಲಿ ಕಾನೂನು, ಚರಿತ್ರೆಗಳನ್ನು ಬರೆದದ್ದು ಕ್ಯಾಸ್ಟೈಲಿನ ಭಾಷೆಯಲ್ಲಿ, ಹಾಡಿಗೆ ಮಾತ್ರ ಗಲಿಸಿಯನ್-ಪೋರ್ಚುಗೀಸ್.

ಸಿಕ್ಕಿದ ಹಾಳೆಯನ್ನು ಓದುವುದೂ ಸುಲಭವಲ್ಲ. ಗೆರೆಗಳ ಮೇಲಿನ ಗುರುತುಗಳು ಸ್ವರದ ಏರಿಳಿತವನ್ನು ಹೇಳುತ್ತವೆ. ಒಂದೊಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದರಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಸ್ವರ ಬರೆದಿರುವುದು ಮೊದಲ ನುಡಿಗೆ ಮಾತ್ರ. ಉಳಿದ ನುಡಿಗಳನ್ನು ಅದೇ ಧಾಟಿಯಲ್ಲಿ ಹಾಡಬೇಕು. ಯಾವ ವಾದ್ಯ ನುಡಿಸಬೇಕೆಂದು ಬರೆದಿಲ್ಲ. ಹಾಗಾಗಿ ಧ್ವನಿಮುದ್ರಿಕೆಗಳಲ್ಲಿ ಕೇಳುವ ತಾಳ, ಡೋಲು, ಕೊಳಲು ಎಲ್ಲವೂ ಇಂದಿನ ಕಲಾವಿದರ ಊಹೆ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಹರಿದಾಸರ ಎಷ್ಟೋ ಪದಗಳನ್ನು ನಾವು ಕೇಳುವುದೂ ಮುಂದಿನವರು ಕೂರಿಸಿದ ರಾಗಗಳಲ್ಲೇ. ಆದರೆ ಯಾವುದು ಹಾಳೆಯದು, ಯಾವುದು ಹಾಡುಗಾರರದು ಎಂದು ಬೇರ್ಪಡಿಸಿ ಕೇಳಲು ಕಲಿಯುವುದೇ ಈ ಅಧ್ಯಯನದ ಮೊದಲ ಪಾಠ ಎಂದು ನಮಗನ್ನಿಸುತ್ತದೆ.

ಮಕ್ಕಳು ಪಾಲಕರ ಜೊತೆ ಕೂತು ಒಂದು ಪ್ರಯೋಗ ಮಾಡಬಹುದು. ಕೊಡಾಶನ ಹಾಡುಗಳನ್ನು ಹಲವು ತಂಡಗಳು ಹಾಡಿವೆ. ಮೊದಲನೆಯ ಹಾಡನ್ನು ಎರಡು ತಂಡಗಳಿಂದ ಕೇಳಿ. ಎರಡರಲ್ಲೂ ಒಂದೇ ಆಗಿರುವುದನ್ನು ಕಾಗದದ ಎಡಕ್ಕೆ ಬರೆಯಿರಿ, ಬೇರೆಯಾಗಿರುವುದನ್ನು ಬಲಕ್ಕೆ. ಆಮೇಲೆ ಆರನೆಯ ಹಾಡಿಗೆ ಬನ್ನಿ. ಹುಡುಗಿ ಚರ್ಚಿನ ಅಂಗಳದಲ್ಲಿ ಕುಣಿಯುವ ಹಾಡು ಅದು. ಹಾಳೆಯಲ್ಲಿ ಸ್ವರವಿಲ್ಲದೆ ಉಳಿದಿರುವುದು ಅದೊಂದೇ. ಹಲವು ತಂಡಗಳು ಅದಕ್ಕೆ ಉಳಿದ ಆರರಲ್ಲಿ ಒಂದರ ಧಾಟಿಯನ್ನು ಕಡ ತರುತ್ತವೆ. ಯಾವುದರಿಂದ ತಂದಿದ್ದಾರೆ, ಅಥವಾ ಹೊಸದಾಗಿ ಕಟ್ಟಿದ್ದಾರೆಯೇ ಎಂದು ಕಿವಿಗೊಟ್ಟು ಪತ್ತೆ ಹಚ್ಚಿ.