ಮುಂಬಯಿಯಲ್ಲಿ ಹಕ್ಕಿ ನೋಡಹೋಗುವವರಿಗೆ

ಮುಂಬಯಿಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಬಂಧುಗಳ ಮನೆಯ ಮದುವೆಗೋ, ಮಕ್ಕಳ ಉದ್ಯೋಗದ ನಿಮಿತ್ತವೋ, ವೈದ್ಯರನ್ನು ಕಾಣುವುದಕ್ಕೋ ಹೋಗುವರೇ ಹೊರತು, ಪಕ್ಷಿವೀಕ್ಷಣೆಯನ್ನೇ ಮುಖ್ಯ ಪ್ರಯೋಜನವೆಂದು ಭಾವಿಸಿ ರೈಲು ಹತ್ತುವವರು ವಿರಳ. ಆದರೆ ಕೆಸರಿನಲ್ಲಿ ಜೀವಂತವಾಗಿ ಮೇಯುವ ಹಕ್ಕಿಯನ್ನೂ, ಗಾಜಿನ ಹಿಂದೆ ವಿಜ್ಞಾನದ ಸಾಕ್ಷಿಯಾಗಿ ಉಳಿದ ಹಕ್ಕಿಯನ್ನೂ, ಚಿತ್ರಕಾರನ ಕುಂಚಕ್ಕೂ ಶಿಲ್ಪಿಯ ಉಳಿಗೂ ವಶವಾದ ಹಕ್ಕಿಯನ್ನೂ ಒಂದೇ ಹಗಲಿನಲ್ಲಿ, ಲೋಕಲ್ ರೈಲಿನ ಅಲ್ಪವೆಚ್ಚದಲ್ಲಿ ನೋಡಿ ಬರಬಹುದಾದ ಊರು ನಮ್ಮ ದೇಶದಲ್ಲಿ ಇದೊಂದೇ ಎಂದರೆ ಕಲ್ಕತ್ತೆಯವರು ಒಪ್ಪದೆ ಇರಬಹುದು. ನನ್ನ ಮತವಂತೂ ಅದು. ಈ ಮೂರನ್ನೂ ಯಾವ ಕ್ರಮದಲ್ಲಿ ನೋಡಬೇಕೆಂಬ ವಿಷಯದಲ್ಲಿ ನನಗೊಂದು ಹಟವೂ ಉಂಟು: ಬದುಕಿರುವ ಹಕ್ಕಿ ಮೊದಲು, ಉಳಿದವೆಲ್ಲ ಅನಂತರ. ಕೊಕ್ಕು ಕೆಸರನ್ನು ಸೋಸುವ ಬಗೆಯನ್ನು ಕಣ್ಣಾರೆ ಕಂಡವನಿಗೆ ವಸ್ತುಸಂಗ್ರಹಾಲಯದ ನಿಶ್ಚಲವಾದ ಕೊಕ್ಕು ಪಾಠ ಹೇಳುತ್ತದೆ. ಕಾಣದೆ ಹೋದವನಿಗೆ ಅದು ಹುಲ್ಲು ತುಂಬಿದ ಚರ್ಮ ಮಾತ್ರ.

ಕಾಲವೆಂದರೆ ಡಿಸೆಂಬರಿನಿಂದ ಮಾರ್ಚಿಯವರೆಗೆ. ನಾಲ್ಕು ದಿನಗಳ ಬಿಡುವಿದ್ದರೆ ಅವಸರವಿಲ್ಲದೆ ಎಲ್ಲವೂ ಆಗುತ್ತದೆ. ಬೆಂಗಳೂರಿನ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನಗರದ ಹೃದಯಭಾಗವಾದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೇ ಕರೆದೊಯ್ಯುತ್ತದೆ. ಮಂಗಳೂರು ಉಡುಪಿಗಳವರು ಮತ್ಸ್ಯಗಂಧಾದಲ್ಲಿ ಬಂದು ಕುರ್ಲಾದಲ್ಲಿ ಇಳಿಯಬೇಕು. ಹಾಗೆ ಬರುವವರು ದಾರಿಯಲ್ಲಿ ಕಾರವಾರವನ್ನು ದಾಟುವಾಗ ಆ ಊರಿನ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿ, ಮುಂದೆ ಬೇಕಾಗುತ್ತದೆ. ವಸತಿಗೆ ಫೋರ್ಟ್ ಭಾಗ ಅನುಕೂಲ. ಆದರೆ ಊಟದ ವಿಚಾರದಲ್ಲಿ ನಿಷ್ಠೆಯುಳ್ಳವರು ಮಾಟುಂಗಾದ ಸಮೀಪ ಇಳಿದುಕೊಂಡರೆ ಬೆಳಗಿನ ಇಡ್ಲಿಯಿಂದ ರಾತ್ರಿಯ ಸಾರಿನವರೆಗೆ ಉಡುಪಿ ಹೋಟೆಲುಗಳ ಆಶ್ರಯವಿರುತ್ತದೆ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು, ಕೆಸರಾದರೂ ಚಿಂತೆಯಿಲ್ಲದ ಪಾದರಕ್ಷೆ, ನೀರು, ಗುರುತಿನ ಚೀಟಿ, ಇಷ್ಟಿದ್ದರೆ ಸಾಕು.

ಮೊದಲ ದಿನ ಶಿವ್ಡಿಗೆ ಮೀಸಲು. ಇಂಗ್ಲಿಷಿನ ಬರಹದಲ್ಲಿ ಸ್ಯೂರಿ ಎನಿಸಿಕೊಂಡಿರುವ ಈ ನಿಲ್ದಾಣ ಹಾರ್ಬರ್ ಮಾರ್ಗದಲ್ಲಿದೆ. ಪೂರ್ವದ ಕಡೆಗೆ ಇಳಿದು, ಲಾರಿಗಳೂ ಗೋದಾಮುಗಳೂ ತುಂಬಿರುವ ಅಷ್ಟೇನೂ ಅಂದವಲ್ಲದ ರಸ್ತೆಯಲ್ಲಿ ನಡೆದೋ ಟ್ಯಾಕ್ಸಿಯಲ್ಲೋ ಸಾಗಿದರೆ ಹಳೆಯ ಧಕ್ಕೆ ಸಿಗುತ್ತದೆ. ಫ್ಲೆಮಿಂಗೊ ಎಂದು ಲೋಕವೆಲ್ಲ ಕರೆಯುವ ರಾಜಹಂಸಗಳು 1990ರ ದಶಕದಿಂದೀಚೆಗೆ ಪ್ರತಿ ಚಳಿಗಾಲದಲ್ಲಿಯೂ ಸಹಸ್ರಗಟ್ಟಲೆಯಾಗಿ ಬಂದು ಸೇರುವುದು ಈ ಠಾಣೆ ಕೊಲ್ಲಿಯ ಕೆಸರುಬಯಲಿಗೆ. ಒಂದು ಕಡೆ ಬಂದರಿನ ಕ್ರೇನುಗಳು, ಇನ್ನೊಂದು ಕಡೆ ತೈಲದ ಕಾರ್ಖಾನೆಗಳ ಚಿಮಣಿಗಳು, ತಲೆಯ ಮೇಲೆ 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಅಟಲ್ ಸೇತುವೆ. ಇವುಗಳ ನಡುವೆ ಗುಲಾಬಿ ವರ್ಣದ ಈ ಮಹಾಸಭೆಯನ್ನು ಪ್ರಥಮವಾಗಿ ಕಾಣುವವನಿಗೆ, ಪ್ರಕೃತಿಸೌಂದರ್ಯವು ಜನವಸತಿಯಿಂದ ದೂರವಾದ ಏಕಾಂತದಲ್ಲಿಯೇ ನೆಲೆಸಿರುತ್ತದೆಂದು ಕವಿಗಳಿಂದ ಕಲಿತ ನಂಬಿಕೆ ಸ್ವಲ್ಪ ಸಡಿಲವಾಗುವುದು ಸಹಜ. ಸೇತುವೆಯ ಮೇಲೆ ವಾಹನ ನಿಲ್ಲಿಸಲು ಅಪ್ಪಣೆಯಿಲ್ಲ, ಪಾದಚಾರಿಗಳಿಗೆ ಪ್ರವೇಶವೇ ಇಲ್ಲ. ಆದಕಾರಣ ಅಲ್ಲಿಂದ ನೋಡುವ ಯೋಚನೆಯನ್ನು ಬಿಡತಕ್ಕದ್ದು.

ಇಲ್ಲಿ ನಿಮ್ಮ ಕೈಗಡಿಯಾರಕ್ಕೆ ಬೆಲೆಯಿಲ್ಲ. ಸಮುದ್ರದ ಭರತ ಇಳಿತಗಳೇ ಪಂಚಾಂಗ. ಭರತವು ಪೂರ್ಣವಾದಾಗ ಕೆಸರೆಲ್ಲ ಮುಳುಗಿ ಹಕ್ಕಿಗಳು ಕಾಂಡ್ಲಾಕಾಡಿನ ಅಂಚಿಗೆ ಸರಿಯುತ್ತವೆ. ಇಳಿತವು ಪೂರ್ಣವಾದಾಗ ನೀರಿನೊಡನೆ ಅವೂ ಬಹುದೂರ ಹೋಗಿ, ದುರ್ಬೀನಿಗೂ ಕೆಂಪು ಚುಕ್ಕೆಗಳಾಗಿ ಬಿಡುತ್ತವೆ. ಭರತಕ್ಕೆ ಎರಡು ಮೂರು ಗಂಟೆ ಮೊದಲು, ಅಥವಾ ಅದು ಕಳೆದು ಅಷ್ಟೇ ಹೊತ್ತಿಗೆ, ಹಕ್ಕಿಗಳು ಧಕ್ಕೆಯ ಸಮೀಪಕ್ಕೆ ಬಂದು ಮೇಯುತ್ತವೆ. ಭರತದ ವೇಳೆ ದಿನವೊಂದಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ನಿನ್ನೆ ಹೋಗಿ ಬಂದವರ ಮಾತನ್ನು ನಂಬದೆ ಆಯಾ ದಿನದ ಪಟ್ಟಿಯನ್ನು ನೋಡಿಕೊಂಡು ಹೊರಡಬೇಕು. ಮತ್ತೊಂದು ಸೂಕ್ಷ್ಮವುಂಟು. ಧಕ್ಕೆ ಪೂರ್ವಾಭಿಮುಖವಾದ್ದರಿಂದ ಬೆಳಗಿನ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಾನೆ; ಅನುಕೂಲವಾದ ಭರತ ಅಪರಾಹ್ಣಕ್ಕೆ ಬೀಳುವ ದಿನವನ್ನು ಆರಿಸಿಕೊಂಡರೆ ಬೆಳಕು ಬೆನ್ನ ಹಿಂದಿನಿಂದ ಬಂದು ವರ್ಣಗಳು ಯಥಾರ್ಥವಾಗಿ ಕಾಣುತ್ತವೆ. ಧಕ್ಕೆಯ ಹತ್ತಿರ ಹೋಟೆಲನ್ನು ನಿರೀಕ್ಷಿಸಬೇಡಿ. ಬಂದರಿನ ಪ್ರದೇಶವಾದ್ದರಿಂದ ಕಾವಲುಗಾರರು ಕೇಳಿದರೆ ವಾದಿಸದೆ ಗುರುತಿನ ಚೀಟಿ ತೋರಿಸುವುದು ಲೇಸು.

ನೆರೆದ ಹಕ್ಕಿಗಳಲ್ಲಿ ಬಹುಪಾಲು ಕಿರಿಯ ಜಾತಿಯ ರಾಜಹಂಸಗಳು. ನಡುನಡುವೆ ಎತ್ತರವಾಗಿ, ಹೆಚ್ಚು ಬೆಳ್ಳಗೆ ಕಾಣುವವು ಹಿರಿಯ ಜಾತಿಯವು. ಕಿರಿಯದರ ಕೊಕ್ಕು ಗಾಢವಾದ ಕಡುಗೆಂಪು, ಹಿರಿಯದರದು ತುದಿ ಮಾತ್ರ ಕಪ್ಪಾದ ತಿಳಿಗುಲಾಬಿ. ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಗೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ, ಕೊಕ್ಕಿನೊಳಗಿನ ಸೂಕ್ಷ್ಮವಾದ ಏಣುಗಳಲ್ಲಿ ನೀರನ್ನು ಸೋಸಿ, ಕಣ್ಣಿಗೆ ಕಾಣದ ಪಾಚಿಯನ್ನು ಉಳಿಸಿಕೊಳ್ಳುವುದು ಅವುಗಳ ಭೋಜನಕ್ರಮ. ಮೈಯ ಗುಲಾಬಿ ಬಣ್ಣವೂ ಸ್ವಂತದ್ದಲ್ಲ. ಆ ಆಹಾರದಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದ ಬಂದದ್ದು, ಆದ್ದರಿಂದಲೇ ಮರಿಗಳು ಬೂದುಬಣ್ಣದವು. ನಗರದ ಕೊಳೆನೀರು ಕೊಲ್ಲಿಗೆ ಸೇರಿ ಪಾಚಿಗೆ ಗೊಬ್ಬರವಾಗುತ್ತಿದೆಯೆಂಬುದೂ, ಈ ಸಮೃದ್ಧಿಗೆ ಅದೂ ಒಂದು ಕಾರಣವೆಂಬುದೂ ತಜ್ಞರ ಅಭಿಪ್ರಾಯ. ನಮ್ಮ ಪಾಪದ ಫಲವನ್ನು ಇಷ್ಟು ಚೆಲುವಾಗಿ ಪರಿವರ್ತಿಸುವ ಜೀವಿ ಬೇರೊಂದಿರಲಾರದು. ರಾಜಹಂಸಗಳಿಗೇ ಕಣ್ಣನ್ನು ಒಪ್ಪಿಸಿಬಿಡದೆ, ಅವುಗಳ ಕಾಲಬುಡದಲ್ಲಿ ಓಡಾಡುವ ಗೊರವಗಳನ್ನೂ ಬಿಳಿ ಕೆಂಬರಲುಗಳನ್ನೂ ಕಡಲಹಕ್ಕಿಗಳನ್ನೂ ನೋಡಿ. ಇವುಗಳಲ್ಲಿ ಕೆಲವು ಹಿಮಾಲಯದ ಆಚೆಯಿಂದ ಬಂದ ಅತಿಥಿಗಳು.

ಕೊಲ್ಲಿಯ ಪಶ್ಚಿಮಭಾಗದಲ್ಲಿ ಸುಮಾರು 1,690 ಹೆಕ್ಟೇರನ್ನು 2015ರಲ್ಲಿ ಅಭಯಾರಣ್ಯವೆಂದು ಘೋಷಿಸಿದರು. 2022ರಲ್ಲಿ ಅದಕ್ಕೆ ರಾಮ್ಸರ್ ಮನ್ನಣೆಯೂ ದೊರೆಯಿತು. ಹಕ್ಕಿಗಳನ್ನು ನೀರಿನ ಮೇಲಿನಿಂದಲೇ ನೋಡಬೇಕೆನ್ನುವವರು ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ಹೊರಡುವ ದೋಣಿಯಲ್ಲಿ ಮುಂಚಿತವಾಗಿ ಸ್ಥಳ ಕಾದಿರಿಸಬೇಕು. ಅದರ ವೇಳೆಯೂ ಭರತವನ್ನೇ ಅನುಸರಿಸುತ್ತದೆ.

ಇಷ್ಟಾದ ಮೇಲೆ, ಅಂದರೆ ಎರಡನೆಯ ದಿನ, ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿದ್ದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಬಹುದು. ಜಾರ್ಜ್ ವಿಟೆಟ್ ರೂಪಿಸಿದ, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಭವ್ಯಭವನದ ಬಾಗಿಲು ಬೆಳಗ್ಗೆ ಹತ್ತೂಕಾಲಕ್ಕೆ ತೆರೆಯುತ್ತದೆ. ಶಾಲಾಮಕ್ಕಳ ಸಾಲು ಬರುವುದಕ್ಕೆ ಮುಂಚೆಯೇ ಪ್ರಾಣಿವಿಭಾಗವನ್ನು ಸೇರಿಕೊಳ್ಳಿ. ರಾಜಹಂಸಗಳನ್ನೂ ದೊಡ್ಡ ಮಂಗಟ್ಟೆಯನ್ನೂ ಅವುಗಳ ಸಹಜ ಪರಿಸರದ ಮಾದರಿಯೊಳಗೆ ನಿಲ್ಲಿಸಿರುವ ಗಾಜುಗೂಡುಗಳು ಅಲ್ಲಿವೆ; ನಿನ್ನೆ ದೂರದಿಂದ ಊಹಿಸಿದ ಕೊಕ್ಕಿನ ಬಾಗನ್ನು ಇಂದು ಎರಡು ಗೇಣಿನ ಅಂತರದಿಂದ ಪರೀಕ್ಷಿಸಬಹುದು. ಈ ವಿಭಾಗದಲ್ಲಿಯೇ 1926ರಲ್ಲಿ ಸಂದರ್ಶಕರಿಗೆ ವಿವರಣೆ ಹೇಳುವ ಉದ್ಯೋಗಕ್ಕೆ ಸೇರಿದ ತರುಣನೊಬ್ಬನು ಮುಂದೆ ಡಾ. ಸಾಲಿಂ ಅಲಿಯಾದನು. ಚಿಕ್ಕಂದಿನಲ್ಲಿ ತಾನು ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿಯ ಮಚ್ಚೆಯನ್ನು ಕಂಡು ಬೆರಗಾದ ಬಾಲಕನನ್ನು ಸೋದರಮಾವನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದ್ದೂ, ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಪೆಟ್ಟಿಗೆಗಳ ಅರೆಗಳನ್ನು ಒಂದೊಂದಾಗಿ ಎಳೆದು ತೋರಿಸಿದ್ದೂ ಪ್ರಸಿದ್ಧವಾದ ಕಥೆ. ಅಲ್ಲಿಯೂ ಹೊರಗಿನ ಹಕ್ಕಿ ಮೊದಲು, ಅರೆಯೊಳಗಿನ ಹಕ್ಕಿ ಆಮೇಲೆ ಎಂಬುದನ್ನು ನನ್ನ ಪಕ್ಷಕ್ಕೆ ಸಾಕ್ಷಿಯಾಗಿ ಸೇರಿಸಿಕೊಳ್ಳುತ್ತೇನೆ. 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದವರೂ ಅವರೇ.

ಅದೇ ಸಂಗ್ರಹಾಲಯದ ಚಿತ್ರಶಾಲೆಯನ್ನು ಬಿಟ್ಟು ಬರಬೇಡಿ. ಅಕ್ಬರನ ಚಿತ್ರಕಾರರು ಬರೆದ ಅನ್ವಾರ್-ಇ-ಸುಹೈಲಿ ಎಂಬ ಗ್ರಂಥದ ಪುಟಗಳು ಈ ಸಂಗ್ರಹದಲ್ಲಿವೆ. ಪಂಚತಂತ್ರವು ಪಾರಸಿಕದೇಶವನ್ನು ಸುತ್ತಿ ತಾಳಿದ ರೂಪ ಅದಾದ್ದರಿಂದ, ದುರ್ಗಸಿಂಹನನ್ನು ಓದಿದ ಕನ್ನಡಿಗನಿಗೆ ಆ ಚಿತ್ರಗಳ ಮೃಗಪಕ್ಷಿಗಳು ಅಪರಿಚಿತವಲ್ಲ. ಸೂಕ್ಷ್ಮಚಿತ್ರಗಳನ್ನು ಬೆಳಕಿನಿಂದ ಕಾಪಾಡಲು ಆಗಾಗ ಒಳಗಿಡುವುದುಂಟು. ಇರಲಿಲ್ಲವೆಂದು ಖೇದಪಡದೆ ಐಹೊಳೆಯಿಂದ ಬಂದ ಛಾವಣಿಯ ಶಿಲ್ಪಗಳ ಮುಂದೆ ಅರ್ಧ ಗಂಟೆ ನಿಲ್ಲಿ.

ಸಂಗ್ರಹಾಲಯಕ್ಕೆ ತಾಗಿಕೊಂಡೇ, ಶಹೀದ್ ಭಗತ್‌ಸಿಂಗ್ ರಸ್ತೆಯಲ್ಲಿ ಹಾರ್ನ್‌ಬಿಲ್ ಹೌಸ್ ಇದೆ. 1883ರಲ್ಲಿ ಎಂಟು ಜನ ಹವ್ಯಾಸಿಗಳು ಕೂಡಿ ಸ್ಥಾಪಿಸಿದ ಸೊಸೈಟಿಯ ಮನೆ ಇದು. ಫಿಪ್ಸನ್ ಎಂಬ ದ್ರಾಕ್ಷಾರಸದ ವರ್ತಕರು ತಮ್ಮ ವ್ಯಾಪಾರದ ಸ್ಥಳದಲ್ಲಿಯೇ ಒಂದು ಕೋಣೆಯನ್ನು ಬಿಟ್ಟುಕೊಟ್ಟದ್ದರಿಂದ ಅದರ ಶೈಶವ ಸೀಸೆಗಳ ನೆರೆಯಲ್ಲಿ ಕಳೆಯಿತು. ಈ ಮನೆಯ ಹೆಸರಿಗೂ ಲಾಂಛನಕ್ಕೂ ಕಾರಣವಾದ ಹಕ್ಕಿ ನಮ್ಮ ಕಾರವಾರದ್ದು. 1894ರಲ್ಲಿ ಅಲ್ಲಿಂದ ಉಡುಗೊರೆಯಾಗಿ ಬಂದ ದೊಡ್ಡ ಮಂಗಟ್ಟೆಯ ಮರಿಯೊಂದು ವಿಲಿಯಂ ಎಂಬ ನಾಮಧೇಯವನ್ನು ಪಡೆದು, 1920ರವರೆಗೆ ಸೊಸೈಟಿಯ ಕಚೇರಿಯಲ್ಲಿಯೇ ಬಾಳಿತು. ಬಾಳೆಹಣ್ಣು, ಅತ್ತಿಹಣ್ಣುಗಳ ಜೊತೆಗೆ ಇಲಿಗಳನ್ನೂ ಚೇಳುಗಳನ್ನೂ ಮೆಲ್ಲುತ್ತ, ನೀರನ್ನು ಕುಡಿಯುವುದಕ್ಕೂ ಮೀಯುವುದಕ್ಕೂ ಮುಟ್ಟದೆ, ಸುಮಾರು ಮೂವತ್ತು ಅಡಿ ದೂರದಿಂದ ಎಸೆದ ಟೆನ್ನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತ ಇಪ್ಪತ್ತಾರು ವರ್ಷ ವಿದ್ವಾಂಸರ ನಡುವೆ ಕಳೆದ ಈ ಉತ್ತರಕನ್ನಡಿಗನಿಗೆ ಅವನ ತವರಿನಲ್ಲಿ ಒಂದು ಸ್ಮಾರಕವಾದರೂ ಇರಬೇಕಾಗಿತ್ತು.

ಹಾರ್ನ್‌ಬಿಲ್ ಹೌಸ್ ಪ್ರದರ್ಶನಶಾಲೆಯಲ್ಲ. ಅಲ್ಲಿಯ ಸಹಸ್ರಾರು ಪಕ್ಷಿಚರ್ಮಗಳನ್ನು ನೋಡಲು ತಕ್ಕ ಕಾರಣವೂ ಪೂರ್ವಾನುಮತಿಯೂ ಬೇಕು. ಸತ್ತ ಹಕ್ಕಿಗಳನ್ನು ಇಷ್ಟು ಜೋಪಾನಿಸುವುದೇಕೆಂದು ಕೇಳುವವರಿಗೆ ಕಾಡಿನ ಕಿರುಗೂಬೆಯ ವೃತ್ತಾಂತವೇ ಉತ್ತರ. 1873ರಲ್ಲಿ ಹ್ಯೂಮ್ ಮಹಾಶಯರು ವರ್ಣಿಸಿದ ಈ ಗೂಬೆ 1884ರ ಮೇಲೆ ಯಾರಿಗೂ ಸಿಗಲಿಲ್ಲ. 1914ರಲ್ಲಿ ತನಗೆ ಗುಜರಾತಿನಲ್ಲಿ ದೊರೆಯಿತೆಂದು ಮೈನರ್ಟ್ಸ್‌ಹಾಗನ್ ಎಂಬ ಸೇನಾಧಿಕಾರಿ ಹೇಳಿದ್ದನ್ನು ನಂಬಿದವರು ಇಲ್ಲದ ಕಡೆ ಹುಡುಕಿದರು. ಪಮೇಲಾ ರಾಸ್ಮುಸ್ಸೆನ್ ಎಂಬ ವಿದುಷಿ ಆ ಚರ್ಮವನ್ನು ಪರೀಕ್ಷಿಸಿ, ಅದು ಬೇರೆಯವರ ಹಳೆಯ ಸಂಗ್ರಹದಿಂದ ಕದ್ದು ಸುಳ್ಳು ಚೀಟಿ ಅಂಟಿಸಿದ್ದೆಂದು ತೋರಿಸಿ, ಪ್ರಾಮಾಣಿಕವಾದ ಚೀಟಿಗಳು ಹೇಳುವ ಸ್ಥಳಗಳಿಗೆ ಹೊರಟು, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾದ ಬಳಿ ಜೀವಂತ ಗೂಬೆಯನ್ನು ಕಂಡರು. ಅನಂತರ 2014ರಲ್ಲಿ ಮುಂಬಯಿಗೆ ಕುಡಿಯುವ ನೀರು ಕೊಡುವ ತಾನ್ಸಾ ಸರೋವರದ ಅರಣ್ಯದಲ್ಲಿಯೂ ಅದು ಗೋಚರಿಸಿತು. ಅಲ್ಲಿಗೆ ಹೋಗಬಯಸುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಧ್ವನಿಮುದ್ರಿಕೆಯಿಂದ ಕೂಗು ಕೇಳಿಸಿ ಹಕ್ಕಿಯನ್ನು ಕರೆಯುವ ಚಟವಿದ್ದವರು ದಯಮಾಡಿ ಹೋಗದಿರಲಿ.

ಸಂಜೆ ಟರ್ಮಿನಸ್ಸಿನ ಎದುರಿನ ಕಾಲುದಾರಿಯಲ್ಲಿ ನಿಂತು ದುರ್ಬೀನನ್ನು ಕಟ್ಟಡದ ಕಡೆಗೆ ತಿರುಗಿಸಿ. ಜನ ನಕ್ಕರೂ ಚಿಂತೆಯಿಲ್ಲ. ಸ್ಟೀವನ್ಸ್ ವಿನ್ಯಾಸದಂತೆ 1878ರಲ್ಲಿ ಆರಂಭವಾದ ಈ ನಿಲ್ದಾಣದ ಕಲ್ಲುಗಳನ್ನು ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಕೆತ್ತಿದರು. ಕಮಾನುಗಳ ಮೇಲೆ ಗರಿಗೆದರಿದ ನವಿಲುಗಳಿವೆ, ಎಲೆಬಳ್ಳಿಗಳ ನಡುವೆ ಪ್ರಾಣಿಪಕ್ಷಿಗಳಿವೆ, ಅವುಗಳ ತಲೆಯ ಮೇಲೆ ನಿಜವಾದ ಪಾರಿವಾಳಗಳೂ ಇವೆ. ಹತ್ತಿರದ ಕ್ರಾಫರ್ಡ್ ಮಾರುಕಟ್ಟೆಯ ಉಬ್ಬುಶಿಲ್ಪಗಳು ಲಾಕ್‌ವುಡ್ ಕಿಪ್ಲಿಂಗರ ಕಲ್ಪನೆ. ಆ ಸುತ್ತಿನಲ್ಲಿ ಯಾರಾದರೂ ಪಂಜರದ ಗಿಳಿಯನ್ನು ತೋರಿಸಿದರೆ, ಕನಿಕರದಿಂದ ಬಿಡಿಸುವ ಉದ್ದೇಶದಿಂದಲೂ ಕೊಳ್ಳಬೇಡಿ. ನಮ್ಮ ದೇಶದ ಗಿಳಿಗಳ ಮಾರಾಟ ಕಾನೂನಿಗೆ ವಿರುದ್ಧ, ಕೊಂಡದ್ದು ಇನ್ನೊಂದು ಗಿಳಿಗೆ ಬಲೆಯಾಗುತ್ತದೆ. ಕಬೂತರ್‌ಖಾನಾಗಳಲ್ಲಿ ಕಾಳು ಹಾಕುವ ವಿಷಯವು 2025ರಲ್ಲಿ ಉಚ್ಚನ್ಯಾಯಾಲಯದವರೆಗೂ ಹೋಗಿರುವುದರಿಂದ ಪ್ರವಾಸಿಗಳು ಆ ಪುಣ್ಯಕ್ಕೆ ಆಸೆಪಡದಿರುವುದು ಕ್ಷೇಮ. ಮಲಬಾರ್ ಹಿಲ್ಲಿನ ಪಾರಸಿಗಳ ಮೌನಗೋಪುರಕ್ಕೆ ಪರರಿಗೆ ಪ್ರವೇಶವಿಲ್ಲ. ಅಲ್ಲಿಯ ಆಕಾಶದಲ್ಲಿ ಈಗ ರಣಹದ್ದುಗಳೂ ಇಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೇ ಆ ಕುಲವನ್ನು ಕೊಂದಿತೆಂಬುದು 2004ರಲ್ಲಿ ಸಿದ್ಧವಾಯಿತು, ಎರಡು ವರ್ಷಗಳ ಮೇಲೆ ಪಶುಚಿಕಿತ್ಸೆಯಲ್ಲಿ ಅದು ನಿಷಿದ್ಧವಾಯಿತು.

ಮೂರನೆಯ ದಿನ ಬೋರಿವಲಿಗೆ. ಸೋಮವಾರ ಬೇಡ, ಅಂದು ಅಲ್ಲಿಯ ರಾಷ್ಟ್ರೀಯ ಉದ್ಯಾನಕ್ಕೂ ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ರಜೆ. ಪಶ್ಚಿಮ ರೈಲ್ವೆಯ ಬೋರಿವಲಿ ನಿಲ್ದಾಣದಿಂದ ಸಂಜಯ ಗಾಂಧಿ ಉದ್ಯಾನದ ದ್ವಾರ ಸಮೀಪದಲ್ಲಿಯೇ ಇದೆ. ನೂರು ಚದರ ಕಿಲೋಮೀಟರಿಗೆ ಮಿಕ್ಕ ಈ ಕಾಡಿನೊಳಗೆ ಚಿರತೆಗಳು ನಗರದ ದೀಪಗಳನ್ನು ನೋಡುತ್ತ ಬಾಳುತ್ತಿವೆ. ಬಾಗಿಲು ತೆರೆಯುವ ವೇಳೆಗೇ ಒಳಗಿದ್ದರೆ ಭೀಮರಾಜನ ಅಣಕದ ಹಾಡು, ಮರಕುಟಿಗನ ತಾಳ, ಬಿಸಿಲೇರಿದ ಮೇಲೆ ಸರ್ಪಗರುಡನ ಕೂಗು ದೊರೆಯುತ್ತವೆ. ಒಳಗಿನ ಆರೇಳು ಕಿಲೋಮೀಟರುಗಳ ದಾರಿಯನ್ನು ಬಸ್ಸಿನಲ್ಲಿ ಹೋಗಿ ಇಳಿದರೆ ಕಾನ್ಹೇರಿಯ ನೂರಕ್ಕೂ ಹೆಚ್ಚಿನ ಬೌದ್ಧ ಗುಹೆಗಳು. ನಮ್ಮ ನೃಪತುಂಗನೆನಿಸಿದ ರಾಷ್ಟ್ರಕೂಟ ಅಮೋಘವರ್ಷನ ಆಳಿಕೆಯನ್ನು ಉಲ್ಲೇಖಿಸುವ ಶಾಸನಗಳು ಈ ಬಂಡೆಗಳಲ್ಲಿವೆ. ಆತನ ಸಾಮಂತರಾದ ಶಿಲಾಹಾರರು ಈ ಕೊಂಕಣವನ್ನು ಆಳುತ್ತಿದ್ದರು. ಕೈಯಲ್ಲಿ ತಿಂಡಿ ಹಿಡಿದುಕೊಂಡು ಶಾಸನ ಓದಲು ಹೋಗಬೇಡಿ, ಕಪಿಗಳು ಬಿಡುವುದಿಲ್ಲ. ಸೂರ್ಯಾಸ್ತಕ್ಕೆ ಮೊದಲೇ, ಮಕ್ಕಳನ್ನು ಹತ್ತಿರವಿಟ್ಟುಕೊಂಡು, ಹೊರಟುಬರತಕ್ಕದ್ದು.

ಮಳೆಗಾಲದಲ್ಲಿಯೇ ಬರಬೇಕಾದವರಿಗೆ ರಾಜಹಂಸಗಳಿಲ್ಲ. ಅದಕ್ಕೆ ಬದಲಾಗಿ ಪನ್ವೇಲಿನ ಆಚೆ, ಗೋವಾ ಹೆದ್ದಾರಿಯ ಅಂಚಿನ ಕರ್ನಾಳ ಪಕ್ಷಿಧಾಮವುಂಟು. ಜೂನಿನ ಮೊದಲ ಮಳೆಗಳೊಡನೆ ನೀಲ, ಕಿತ್ತಳೆ, ಹಳದಿಗಳಿಂದ ಮೆರೆಯುವ ಬೆರಳುದ್ದದ ಕಿರುಮಿಂಚುಳ್ಳಿ ಅಲ್ಲಿಗೆ ಬಂದು ತೊರೆಯ ಮಣ್ಣಿನ ದಂಡೆಯಲ್ಲಿ ಬಿಲ ಕೊರೆಯುತ್ತದೆ. ಬಿಲದ ಎದುರಿಗೆ ಕ್ಯಾಮರಾ ಹಿಡಿದು ಕುಳಿತರೆ ಬೇಟೆ ಕಚ್ಚಿಕೊಂಡ ತಾಯಿ ಒಳಗೆ ಹೋಗಲಾರದೆ ಮರಿಗಳು ಹಸಿಯುತ್ತವೆ. ದೂರದಿಂದ ನೋಡಿ ಮುಂದೆ ನಡೆಯಿರಿ. ಪನ್ವೇಲಿನಿಂದ ಎಸ್.ಟಿ. ಬಸ್ಸಿದೆ. ಕರ್ನಾಳದಲ್ಲಿ ಇಳಿಸುವಂತೆ ಹತ್ತುವಾಗಲೇ ಕಂಡಕ್ಟರಿಗೆ ಹೇಳಿಡಬೇಕು, ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುವುದಿಲ್ಲ.