ಹುಡುಕಿದರೆ ಸಿಗದ ಪುಟಗಳು

ನನ್ನ ಮಾಮುವಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಒಂದು ಹಳೆಯ ಬಂಧನದ ಸುದ್ದಿ. ಆ ಪ್ರಕರಣದಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಟ್ಟು ನಾಲ್ಕು ವರ್ಷವಾಯಿತು. ಖುಲಾಸೆಯಾದ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ. ಕಳೆದ ವರ್ಷ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಲು ಹೋದಾಗ ಮಾಲೀಕರು ಮೊಬೈಲ್ ತೋರಿಸಿ, "ಇದು ನೀವೇನಾ?" ಎಂದು ಕೇಳಿದರಂತೆ. ಮನೆ ಸಿಗಲಿಲ್ಲ.

"ಸರ್ಕಾರ ಒಂದು ಮಾತು ಹೇಳಿದರೆ ಗೂಗಲ್ ತೆಗೆದುಬಿಡುತ್ತದಲ್ಲ ಸರ್?" ಎಂದು ರಾಜ್ಯಶಾಸ್ತ್ರದ ಸರ್ ಅವರನ್ನು ಕೇಳಿದೆ. "ತೆಗೆಸುವ ದಾರಿ ಯಾವುದು, ಯಾರಿಗೆ ತೆರೆದಿದೆ, ನೀನೇ ಓದ್ಕೊಂಡು ಬಾ" ಎಂದು ಅದನ್ನೇ ನನ್ನ ಸೆಮಿನಾರ್ ವಿಷಯ ಮಾಡಿದರು.

ಗೂಗಲನ್ನು ನಮ್ಮ ಗ್ರಂಥಾಲಯದ ಕ್ಯಾಟಲಾಗಿಗೆ ಹೋಲಿಸಬಹುದು. ಪುಸ್ತಕ ಇರುವುದು ಬೇರೆ ಕಪಾಟಿನಲ್ಲಿ. ಕ್ಯಾಟಲಾಗಿನಿಂದ ಚೀಟಿ ಕಿತ್ತರೂ ಪುಸ್ತಕ ಅಲ್ಲೇ ಇರುತ್ತದೆ, ಆದರೆ ಹುಡುಕುವವರಿಗೆ ಇಲ್ಲದಂತೆಯೇ. 2014ರ ಮೇ ತಿಂಗಳಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ ಸ್ಪೇನ್‌ನ ಒಂದು ಪ್ರಕರಣದಲ್ಲಿ ಇದನ್ನೇ ಮಾಡಿಸಿತು. ಹಳೆಯ ಸಾಲದ ಹರಾಜಿನ ಪ್ರಕಟಣೆ ಪತ್ರಿಕೆಯಲ್ಲಿ ಉಳಿಯಿತು, ಆ ವ್ಯಕ್ತಿಯ ಹೆಸರು ಹುಡುಕಿದಾಗ ಅದು ಬರಬಾರದು ಎಂದಾಯಿತು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2017ರಲ್ಲಿ ಒಬ್ಬ ತಂದೆಯ ಅರ್ಜಿಯ ಮೇಲೆ, ಆದೇಶವೊಂದರಲ್ಲಿದ್ದ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಸೂಚಿಸಿತು. ಇದನ್ನು ಓದಿದಾಗ ನನಗೆ ತುಂಬಾ ಸಂತೋಷವಾಯಿತು.

ಆದರೆ ಸರ್ಕಾರ ತೆಗೆಸುವುದು ಬೇರೆ ವಿಷಯ. ಗೂಗಲ್ 2010ರಿಂದ, ಯಾವ ದೇಶದ ಸರ್ಕಾರ ಎಷ್ಟು ಬಾರಿ ಏನು ತೆಗೆಯಲು ಕೇಳಿತು ಎಂಬ ವರದಿ ಪ್ರಕಟಿಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ರಷ್ಯಾದ ಸಂಖ್ಯೆಯೇ ಎಲ್ಲರಿಗಿಂತ ಹೆಚ್ಚು. ಕೇಳಿದ್ದೆಲ್ಲವನ್ನೂ ಕಂಪನಿ ತೆಗೆಯುವುದೂ ಇಲ್ಲ.

ನಮ್ಮಲ್ಲಿ ಇದರ ಮುಖ್ಯ ಆಧಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ: ಇಷ್ಟೇ ಕಾರಣಗಳು. ಸಂವಿಧಾನದ 19(2)ನೇ ವಿಧಿ ಓದಿದವರಿಗೆ ಈ ಪಟ್ಟಿ ಪರಿಚಿತ. ಆದರೆ ಅಲ್ಲಿರುವ ಮಾನಹಾನಿ, ಸಭ್ಯತೆ ಇಲ್ಲಿಲ್ಲ. (ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ, ಗುರುತು ಹಾಕಿಕೊಳ್ಳಿ.) 2009ರ ನಿಯಮಗಳ ಪ್ರಕಾರ ಅಧಿಕಾರಿಗಳ ಸಮಿತಿ ಕೋರಿಕೆಯನ್ನು ಪರಿಶೀಲಿಸಬೇಕು. ತುರ್ತಿದ್ದರೆ ಮೊದಲೇ ತಡೆದು, 48 ಗಂಟೆಯೊಳಗೆ ಸಮಿತಿಯ ಮುಂದಿಡಬೇಕು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಕಲಮನ್ನು ರದ್ದು ಮಾಡಿದರೂ 69ಎ ಅನ್ನು ಎತ್ತಿಹಿಡಿಯಿತು. ಕಾರಣಗಳನ್ನು ಬರೆದಿಡಬೇಕು, ಬರೆದವರು ಯಾರೆಂದು ಗೊತ್ತಾದರೆ ಅವರ ಮಾತನ್ನೂ ಕೇಳಬೇಕು, ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆಗಳು ಇರುವುದರಿಂದಲೇ ಅದು ಉಳಿಯಿತು.

ನಾನು ತಡೆದು ನಿಂತದ್ದು 16ನೇ ನಿಯಮದಲ್ಲಿ. ಕೋರಿಕೆಗಳನ್ನೂ ಕೈಗೊಂಡ ಕ್ರಮವನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿಡಬೇಕಂತೆ. ಆದೇಶ ಕೈಗೆ ಸಿಗದವನು ಏನು ಹಿಡಿದುಕೊಂಡು ಹೈಕೋರ್ಟಿಗೆ ಹೋಗಬೇಕು? ಈಗ 79(3)(ಬಿ) ಕಲಂ ಅಡಿಯ ನೋಟಿಸುಗಳಿಗೆ ಕೇಂದ್ರ ಗೃಹ ಸಚಿವಾಲಯದ 'ಸಹಯೋಗ್' ಪೋರ್ಟಲ್ ಇದೆ. ಅದನ್ನು ಎಕ್ಸ್ ಕಂಪನಿ ಪ್ರಶ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಸುಳ್ಳು ವದಂತಿಯಿಂದ ಊರು ಹೊತ್ತಿ ಉರಿಯುವಾಗ ತಡೆಯುವ ಅಧಿಕಾರ ಸರ್ಕಾರಕ್ಕೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏನು ತೆಗೆದರು, ಯಾಕೆ ತೆಗೆದರು ಎಂಬುದು ಬರೆದವನಿಗಾದರೂ ತಿಳಿಯಬೇಕು.

ಸೆಮಿನಾರ್ ಮುಗಿದ ಮೇಲೆ ಒಬ್ಬಳು ಕೇಳಿದಳು: "ಹಾಗಾದರೆ ನಿನ್ನ ಮಾಮುವಿನ ಸುದ್ದಿಯೂ ಇರಲಿ ಅಂತೀಯಾ?" ತಕ್ಷಣ ಉತ್ತರ ಹೊಳೆಯಲಿಲ್ಲ. ಬಂಧನವಾದದ್ದು ನಿಜ, ಸುದ್ದಿ ಸುಳ್ಳಲ್ಲ, ಅರ್ಧ ಮಾತ್ರ.

ಮನೆಯಲ್ಲಿ ಮಾಮು ಜೊತೆ ಕೂತು ಆ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದೆವು, ತೀರ್ಪಿನ ದೃಢೀಕೃತ ಪ್ರತಿ ಲಗತ್ತಿಸಿ. ಸುದ್ದಿ ತೆಗೆಯಿರಿ ಎಂದು ಕೇಳಲಿಲ್ಲ. ಖುಲಾಸೆಯಾದ ದಿನಾಂಕವನ್ನು ಅದೇ ಪುಟದ ಮೇಲೆ ಸೇರಿಸಿ ಎಂದು ಕೇಳಿದ್ದೇವೆ. ಕಳೆದ ಸೋಮವಾರ ಅಂಚೆಯಲ್ಲಿ ಹೋಯಿತು.