ಫ್ಯಾನ್ ತಗ್ಗಿಸಿದ ಮೇಲೆ ಬೋಟು ಓಡಿತು

ಬೋಟಿನ ಹಿಂಬದಿಯ ಬಿಳಿ ಗೋಡೆಗೆ ಬೆರಳಾಡಿಸಿದರೆ ಕಾಡಿಗೆಯಂಥ ಮಸಿ ಮೆತ್ತಿಕೊಳ್ಳುತ್ತಿತ್ತು. ಪ್ರತಿ ಸಲ ಮೀನಿಗೆ ಹೋಗಿ ಬಂದ ಮೇಲೆ ಸೋಪುನೀರು ಹಾಕಿ ತಿಕ್ಕುತ್ತಿದ್ದೆ. ಮರುವಾರ ಮತ್ತೆ ಅಷ್ಟೇ ಕಪ್ಪು. ಎರಡು ವರ್ಷ ಅದನ್ನು ತೊಳೆದೆನೇ ಹೊರತು ಎಲ್ಲಿಂದ ಬರುತ್ತಿದೆ ಎಂದು ಹುಡುಕಲಿಲ್ಲ.

ನಾನು ಗಂಗೊಳ್ಳಿಯವನು. ಅಪ್ಪ ಅಲ್ಲಿ ತಾಂಡೇಲರು, ಅಂದರೆ ಮೀನುಬೋಟು ನಡೆಸುತ್ತಿದ್ದವರು. ಕೆಲಸಕ್ಕೆಂದು ಅಮೆರಿಕಕ್ಕೆ ಬಂದು ಫ್ಲೋರಿಡಾದ ಸ್ಟುವರ್ಟ್‌ನಲ್ಲಿ ನೆಲೆಸಿದ ಮೇಲೆ ಕಡಲು ಬಿಟ್ಟಿರಲಾಗದೆ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಒಂದು ಹಳೆ ಬೋಟು ಕೊಂಡೆ. 1988ರ ಬರ್ಟ್ರಾಮ್, 33 ಅಡಿ, ಒಳಗೆ ತಲಾ 375 ಅಶ್ವಶಕ್ತಿಯ ಎರಡು ಕ್ಯಾಟರ್‌ಪಿಲ್ಲರ್ 3208 ಡೀಸೆಲ್ ಎಂಜಿನ್. ಸೇಂಟ್ ಲೂಸಿ ಅಳಿವೆ ದಾಟಿ ಪೂರ್ವಕ್ಕೆ ಹೋದರೆ ಗಲ್ಫ್ ಸ್ಟ್ರೀಮ್ ಹರಿವು. ಸೈಲ್‌ಫಿಶ್, ಮಾಹಿಮಾಹಿ ಸಿಗುವುದು ಅಲ್ಲಿಯೇ. ಇಲ್ಲಿಯವರ ಕಿಂಗ್‌ಫಿಶ್ ಅಂದರೆ ನಮ್ಮ ಅಂಜಲ್‌ನ ಹತ್ತಿರದ ನೆಂಟ. ಮೀನಿಗೆ ಕೊರತೆ ಇರಲಿಲ್ಲ, ವೇಗಕ್ಕೆ ಇತ್ತು. ಉಳಿದವರು 22–23 ನಾಟ್‌ನಲ್ಲಿ ಆರಾಮವಾಗಿ ಹೋಗುತ್ತಿದ್ದಾಗ ನಾವು 18ಕ್ಕೇ ಏದುಸಿರು ಬಿಡುತ್ತಿದ್ದೆವು.

ಮೊದಲು ಮಾಡಿದ್ದು ತಪ್ಪು ಖರ್ಚು. ಯಾರೋ ಇಂಜೆಕ್ಟರ್ ಎಂದರು. ಹದಿನಾರನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದೆವು. ವೇಗ ಅರ್ಧ ನಾಟ್ ಕೂಡ ಏರಲಿಲ್ಲ. ಬೇಸರದಲ್ಲಿ ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: “ಬೋಟಿನ ಅಡಿ ಕಂಡ್ಯಾ ಮಗಾ?”

ಅಡಿ ನೋಡುವ ಮೊದಲು ಎಂಜಿನ್ನಿನ ಸುತ್ತು ತೋರಿಸುವ ಮೀಟರನ್ನು ನೋಡಿದೆ. ಹಾಗೆ ಮಾಡಿದ್ದೇ ಒಳ್ಳೆಯದಾಯಿತು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಗಾಲಿಗೆ ಬಿಳಿ ಪಟ್ಟಿ ಅಂಟಿಸಿ, ಬೆಳಕು ಬಿಟ್ಟು ಸುತ್ತು ಎಣಿಸುವ ಕೈ ಮೀಟರ್ ಹಿಡಿದರೆ ಪೂರ್ತಿ ಥ್ರಾಟಲ್‌ಗೆ ಬಂದದ್ದು ನಿಮಿಷಕ್ಕೆ 2,480. ಚುಕ್ಕಾಣಿಯ ಎದುರಿನ ಹಳೆ ಮೀಟರ್ 2,600 ತೋರಿಸುತ್ತಿತ್ತು. ಈ ಎಂಜಿನ್ನಿನ ಪೂರ್ಣ ಸುತ್ತು 2,800. ಅಂದರೆ ನಾವು 320 ಸುತ್ತು ಹಿಂದೆ ಇದ್ದೆವು, ಅದೂ ನಮಗೆ ಗೊತ್ತಿಲ್ಲದೆ.

ಡೀಸೆಲ್ ಎಂಜಿನ್ನಿನ ಸ್ವಭಾವ ಇಲ್ಲಿ ಅರ್ಥವಾಗಬೇಕು. ಥ್ರಾಟಲ್ ಪೂರ್ತಿ ಒತ್ತಿದರೆ ಗವರ್ನರ್ 2,800 ಸುತ್ತು ಕೇಳುತ್ತದೆ. ಎಂಜಿನ್ ಅಲ್ಲಿಗೆ ಮುಟ್ಟದಿದ್ದರೆ ಪಂಪು ಡೀಸೆಲ್ ಸುರಿಯುತ್ತಲೇ ಇರುತ್ತದೆ. ಆದರೆ ಸುತ್ತು ಕಡಿಮೆಯಾದ್ದರಿಂದ ಟರ್ಬೊ ಅಷ್ಟು ಗಾಳಿ ಕೊಡುವುದಿಲ್ಲ. ಗಾಳಿ ಸಾಲದೆ ಅರೆಬೆಂದ ಡೀಸೆಲ್ಲೇ ಕಪ್ಪು ಹೊಗೆ, ಅದೇ ನನ್ನ ಹಿಂಗೋಡೆಯ ಮಸಿ. ಹೊಗೆಯ ಬಿಸಿ ಏರುತ್ತದೆ, ವಾಲ್ವ್, ಪಿಸ್ಟನ್ ಸುಡುತ್ತವೆ. ಓವರ್‌ಲೋಡಿನಲ್ಲಿ ಓಡಿದ ಎಂಜಿನ್ ಬೇಗ ಸಾಯುತ್ತದೆ. ನಾನು ಎರಡು ವರ್ಷ ನಮ್ಮ ಎಂಜಿನ್ನುಗಳನ್ನು ಹಾಗೆ ದುಡಿಸಿದ್ದೆ ಎಂದು ತಿಳಿದಾಗ ನಿಜಕ್ಕೂ ನೋವಾಯಿತು.

ಬೋಟನ್ನು ಮೇಲೆತ್ತಿಸಿದೆವು. ಅಡಿಯಲ್ಲಿ ಲೋಳೆಪಾಚಿ, ಶಾಫ್ಟಿನ ಆಸರೆಗಳ ಸಂದಿಯಲ್ಲಿ ಬಿಳಿ ಚಿಪ್ಪುಗಳ ಗೊಂಚಲು. ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಎಲೆಗಳ ಮೇಲೂ ಚಿಪ್ಪು, ಕೈಗೆ ಉಪ್ಪುಕಾಗದದಂತೆ ತಾಗುತ್ತಿತ್ತು. ಕೆರೆದು ಬಣ್ಣ ಹೊಡೆಸಿ ನೀರಿಗಿಳಿಸಿದಾಗ 2,580. ಒಂದೇ ದಿನದಲ್ಲಿ ನೂರು ಸುತ್ತು.

ಮುಂದೆ ಗಾಳಿಯ ದಾರಿ. ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ನಮ್ಮ ಎಂಜಿನ್ನಿನಲ್ಲಿ ಕಡಲನೀರಿನಲ್ಲೇ ತಣಿಯುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಬಿಚ್ಚಿದರೆ ನೀರಿನ ಬದಿಯಲ್ಲಿ ಉಪ್ಪು, ಗಾಳಿಯ ಬದಿಯಲ್ಲಿ ಎಣ್ಣೆಗೆ ಅಂಟಿದ ಹಂಜಿಯಂಥ ಕೊಳೆ, ತೆಳು ತಗಡುಗಳ ನಡುವೆ ಬೆಳಕೇ ಹಾಯುತ್ತಿರಲಿಲ್ಲ. ತೊಳೆದು, ಒತ್ತಡ ಹಾಕಿ ಸೋರಿಕೆ ನೋಡಿ ಕೂರಿಸಿದೆವು. 2,640. ಡೀಸೆಲ್ ಫಿಲ್ಟರ್‌ಗೆ ನಿರ್ವಾತ ಗೇಜ್ ಹಾಕಿ ನೋಡಿದೆವು, ಅಲ್ಲಿ ತೊಂದರೆ ಇರಲಿಲ್ಲ.

ಉಳಿದದ್ದು ಫ್ಯಾನ್. ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಬೋಟು ಎಷ್ಟು ಇಂಚು ಮುಂದೆ ಹೋಗಬೇಕೋ ಅದು ಪಿಚ್. ನಮ್ಮದರ ಮೇಲೆ 26 ಎಂದು ಒತ್ತಿತ್ತು. ಫ್ಯಾನ್ ಅಂಗಡಿಯಲ್ಲಿ ಅಳೆದರೆ ಹೆಚ್ಚಿನ ಎಲೆಗಳು 27, ಒಂದೆರಡು 28. ಹಿಂದಿನ ಮಾಲೀಕರು ವೇಗದ ಆಸೆಗೆ ಪಿಚ್ ಏರಿಸಿದ್ದಿರಬೇಕು. ಎಲ್ಲ ಎಲೆಗಳನ್ನೂ 25ಕ್ಕೆ ತಗ್ಗಿಸಿ ಸಮ ಮಾಡಿ ಎಂದೆ. ಪಾಲುದಾರ ಒಪ್ಪಲೇ ಇಲ್ಲ. ಪಿಚ್ ಕಡಿಮೆಯಾದರೆ ಬೋಟು ನಿಧಾನ ಆಗದೇ ಎಂಬುದು ಅವನ ವಾದ. ಕೇಳುವುದಕ್ಕೆ ಸರಿಯಾದ ಪ್ರಶ್ನೆಯೇ. ಆದರೆ ಘಟ್ಟ ಹತ್ತುವಾಗ ಲಾರಿ ಟಾಪ್ ಗೇರಿನಲ್ಲಿ ನರಳುವುದನ್ನು ಕಂಡವರಿಗೆ ಉತ್ತರ ಗೊತ್ತು.

ಕೊನೆಗೂ ತಗ್ಗಿಸಿದ ಫ್ಯಾನಿನಲ್ಲಿ ಪೂರ್ತಿ ಥ್ರಾಟಲ್‌ಗೆ 2,830. ದಿನನಿತ್ಯದ ಓಟಕ್ಕೆ 2,400 ಸುತ್ತಿನಲ್ಲಿ 22 ನಾಟ್. ಈ ಅಂಕಿ ನಂಬುವ ಮೊದಲು ದಡದ ಹತ್ತಿರ ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಓಡಿಸಿ ಜಿಪಿಎಸ್ ವೇಗದ ಸರಾಸರಿ ತೆಗೆದೆವು. ಉತ್ತರಕ್ಕೆ ಹರಿಯುವ ಸ್ಟ್ರೀಮಿನ ಮೇಲೆ ಒಂದೇ ದಿಕ್ಕಿಗೆ ಓಡಿಸಿ ನೋಡಿದರೆ ಹರಿವಿನ ವೇಗವೂ ಬೋಟಿನದೇ ಎಂದು ಕಾಣುತ್ತದೆ.

ಭಾರದ ಕಡೆಗೂ ಕಣ್ಣು ಹೋಯಿತು. 1,000 ಲೀಟರ್ ಡೀಸೆಲ್ ಅಂದರೆ ಸುಮಾರು 840 ಕಿಲೋ. ಅರ್ಧ ದಿನದ ಮೀನಿಗೆ ಟ್ಯಾಂಕ್ ತುಂಬಿಸಿಕೊಂಡು ಹೋಗುವುದನ್ನು ಬಿಟ್ಟೆವು. ಮೂರನೇ ಒಂದು ಭಾಗ ಮಾತ್ರ ಆಪತ್ತಿಗೆಂದು ಉಳಿಸಿಕೊಂಡು ಬರುತ್ತೇವೆ. ಮುಂದಿನ ಕೋಣೆಯಿಂದ ಹಳೆ ಹಗ್ಗ, ಬಿಡಿ ಲಂಗರು, ಯಾವ ಕಾಲದ್ದೋ ಬ್ಯಾಟರಿ ಎಲ್ಲ ದಕ್ಕೆಗೆ ಇಳಿದವು.

ಈಗ ಟರ್ಬೊದ ಪಕ್ಕ ಹೊಗೆಯ ಬಿಸಿ ಅಳೆಯುವ ಮೀಟರ್ ಇದೆ. ವೇಗದ ಮುಳ್ಳಿಗಿಂತ ಅದನ್ನೇ ಹೆಚ್ಚು ನೋಡುತ್ತೇನೆ. ಬಲಗಡೆ ಎಂಜಿನ್ನಿನ ನೀರು ಎಡಗಡೆಯದಕ್ಕಿಂತ ಆರು ಡಿಗ್ರಿ ಬಿಸಿ ತೋರಿಸುತ್ತಿದೆ. ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಉಪ್ಪು ಕಟ್ಟಿರಬೇಕು. ಈ ಶನಿವಾರ ಅದರ ಮುಚ್ಚಳ ಬಿಚ್ಚುತ್ತೇವೆ.